ಮೂರು ಕೈಯ ಶಿಲುಬೆ

ಕಿಲ್ಕೆನಿ
5 ಫೆಬ್ರವರಿ 1998

ಕನೀಲಿ ಕರಕುಶಲ ಅಂಗಡಿ
ಕಾರ್ನಾ, ಕಾನೆಮಾರಾ

ಮಾನ್ಯರೇ,

ವಕೀಲ ಫಿಂಟನ್ ಹ್ಯಾಕೆಟ್ ಅವರ ಕಚೇರಿಯಿಂದ ಬರೆಯುತ್ತಿದ್ದೇನೆ. ಸೋಮವಾರದ ಅಂಚೆಯಲ್ಲಿ ಅವರ ಹೆಸರಿಗೆ ನಿಮ್ಮ ಅಂಗಡಿಯ ಪೊಟ್ಟಣವೊಂದು ಬಂತು. ಒಳಗೆ ಮೇಜಿನ ಮೇಲಿಡುವ ಪೆನ್ನಿನ ಪೀಠ. ಜೌಗುನೆಲದಿಂದ ತೆಗೆದ ಕಪ್ಪು ಓಕ್ ಮರದ್ದು, ಮುಂಭಾಗದಲ್ಲಿ ಹಾರ್ಪ್ ಎಂಬ ತಂತಿವಾದ್ಯದ ಚಿತ್ರ ಕೆತ್ತಿದೆ. ಕೆಲಸ ಬಹಳ ಚೆನ್ನಾಗಿದೆ. ಆದರೆ ಜೊತೆಗೆ ಬಿಲ್ ಇಲ್ಲ, ಕಳಿಸಿದವರ ಹೆಸರಿಲ್ಲ, ಒಂದು ಸಾಲಿನ ಶುಭಾಶಯವೂ ಇಲ್ಲ.

ಪ್ರತಿ ವರ್ಷ ಫೆಬ್ರವರಿ ಒಂದರ ಸಂತ ಬ್ರಿಜಿಡ್ ಹಬ್ಬದ ಹೊತ್ತಿಗೆ ಹೀಗೊಂದು ಪೊಟ್ಟಣ ಬರುತ್ತದೆ ಎಂದು ಇಲ್ಲಿಯ ಗುಮಾಸ್ತೆ ಕನ್ಸೆಪ್ಟಾ ಹೇಳುತ್ತಾಳೆ. ಹ್ಯಾಕೆಟ್ ಅವರು ಬಾಗಿಲು ಹಾಕಿಕೊಂಡು ತಾವೇ ಬಿಚ್ಚುತ್ತಿದ್ದರಂತೆ. ಅವರ ಮೇಜಿನ ಮೇಲೆ ಈಗಾಗಲೇ ಇಂಥ ಐದು ವಸ್ತುಗಳಿವೆ.

ಹ್ಯಾಕೆಟ್ ಅವರು ಸದ್ಯ ಕಚೇರಿಯಲ್ಲಿಲ್ಲ. ಇವುಗಳನ್ನು ಯಾರು ಮಾಡಿಸಿ ಕಳಿಸುತ್ತಿದ್ದಾರೆಂದು ತಿಳಿಸಿದರೆ ಕೃತಜ್ಞತೆ ಹೇಳಲು ಅನುಕೂಲವಾಗುತ್ತದೆ.

ಇಂತು,
ಎನ್. ಟೋಬಿನ್


ಕಾರ್ನಾ
12 ಫೆಬ್ರವರಿ 1998

ಎನ್. ಟೋಬಿನ್ ಅವರಿಗೆ,

ಕಾಗದ ತಲುಪಿತು. ಬಿಲ್ ಇಲ್ಲದಿರುವುದು ಮರೆವಿನಿಂದಲ್ಲ. ಯಾರೂ ಯಾರಿಗೂ ಏನೂ ಕೊಡಬೇಕಾಗಿಲ್ಲ. ಕೃತಜ್ಞತೆಯೂ ಬೇಡ.

ಯಾರು ಕಳಿಸುತ್ತಾರೆ ಎಂದು ಹ್ಯಾಕೆಟ್ ಅವರು ಇಷ್ಟು ವರ್ಷ ಕೇಳಿದವರಲ್ಲ. ಈಗ ಕೇಳುತ್ತಿರುವವರು ಅವರೋ ನೀವೋ? ಅವರೇ ಆದರೆ ಒಂದು ಸಾಲು ಅವರ ಕೈಯಲ್ಲಿ ಬರೆಸಿ ಕಳಿಸಿ. ಅವರ ಅಕ್ಷರ ನನಗೆ ಗುರುತಿದೆ.

ಇನ್ನೊಂದು ಮಾತು. ನಾನು ಹೆಚ್ಚು ಓದಿದವಳಲ್ಲ, ಆದರೆ ಓದಿದ್ದನ್ನು ನಿಧಾನವಾಗಿ ಓದುತ್ತೇನೆ. "ತಾವೇ ಬಿಚ್ಚುತ್ತಿದ್ದರಂತೆ" ಎಂದು ಬರೆದಿದ್ದೀರಿ. "ಬಿಚ್ಚುತ್ತಾರಂತೆ" ಎನ್ನಬೇಕಲ್ಲವೇ? ಬೇರೆ ಊರಿಗೆ ಹೋದವರ ವಿಷಯ ಯಾರೂ ಹಾಗೆ ಬರೆಯುವುದಿಲ್ಲ.

ಅವರ ಕೆಮ್ಮು ಕಡಿಮೆಯಾಗಿದೆಯೇ? ಅದನ್ನಷ್ಟು ತಿಳಿಸಿ.

ಸಬೀನಾ ಕನೀಲಿ


ಕಿಲ್ಕೆನಿ
18 ಫೆಬ್ರವರಿ 1998

ಶ್ರೀಮತಿ ಕನೀಲಿ ಅವರಿಗೆ,

ಟೋಬಿನ್ ಎಂಬುದು ನನ್ನ ತವರಿನ ಹೆಸರು. ನಾನು ನೋರೀನ್ ಹ್ಯಾಕೆಟ್, ಫಿಂಟನ್ ಅವರ ಹೆಂಡತಿ. ಹೆಸರು ಮರೆಸಿ ಬರೆದದ್ದಕ್ಕೆ ನಾಚಿಕೆಯಾಗಿತ್ತು. ನಿಮ್ಮ ಉತ್ತರ ಓದಿದ ಮೇಲೆ ಆ ನಾಚಿಕೆ ಅರ್ಧಕ್ಕರ್ಧ ಇಳಿಯಿತು.

ಕೆಮ್ಮಿನ ಮಾತು ಎತ್ತಿದ್ದೀರಿ. ಅದು ಶುರುವಾದದ್ದು ಕಳೆದ ಅಕ್ಟೋಬರಿನಲ್ಲಿ, ಅವರು ಗಾಲ್ವೇಯಲ್ಲಿ ವಕೀಲರ ಸಭೆ ಇದೆಯೆಂದು ಹೋದ ವಾರ. ಪ್ರತಿ ಅಕ್ಟೋಬರಿನಲ್ಲೂ ಆ ಸಭೆ ಇರುತ್ತದೆ. ಇರುತ್ತದೆ ಎಂದು ನಾನು ನಂಬಿದ್ದೆ. ನಿನ್ನೆ ವಕೀಲರ ಸಂಘಕ್ಕೆ ಫೋನ್ ಮಾಡಿದೆ. "ಗಾಲ್ವೇಯಲ್ಲಾ? ಅಕ್ಟೋಬರಿನಲ್ಲಾ? ಇಲ್ಲವಲ್ಲ ಮೇಡಂ" ಎಂದರು. ಆ "ಇಲ್ಲವಲ್ಲ"ದಲ್ಲಿ ಮರುಕವಿತ್ತು. ಮರುಕ ನನಗೆ ಹಿಡಿಸುವುದಿಲ್ಲ.

ಆಮೇಲೆ ನಾನು ಮಾಡಿದ್ದನ್ನೂ ಹೇಳಿಬಿಡುತ್ತೇನೆ. ನಮ್ಮ ಊರಿನ ಉಡುಗೊರೆ ಅಂಗಡಿಯಲ್ಲಿ ನಿಮ್ಮ ಸಾಮಾನು ಮಾರುತ್ತಾರೆ. ಪೇಪರ್‌ವೇಟ್, ಪೆನ್ನಿನ ಪೀಠ, ಕಾಗದ ಸೀಳುವ ಚಾಕು. ಒಂದೊಂದನ್ನೂ ತಲೆಕೆಳಗು ಮಾಡಿ ನೋಡಿದೆ. ಅಂಗಡಿಯ ಹುಡುಗಿ, "ಏನಮ್ಮಾ, ಬೆಲೆ ಚೀಟಿ ಅಡಿಯಲ್ಲಿಲ್ಲ, ಪಕ್ಕದಲ್ಲಿದೆ" ಎಂದಳು. ನಾನು ನೋಡುತ್ತಿದ್ದದ್ದು ಬೆಲೆಯನ್ನಲ್ಲ. ಮಾರಾಟದ ಪ್ರತಿಯೊಂದು ವಸ್ತುವಿನ ಅಡಿಯಲ್ಲೂ ನಿಮ್ಮ ಗುರುತಾಗಿ ನಾಲ್ಕು ಕೈಯ ಪುಟ್ಟ ಬ್ರಿಜಿಡ್ ಶಿಲುಬೆ ಇದೆ. ನನ್ನ ಗಂಡನ ಮೇಜಿನ ಮೇಲಿರುವವುಗಳ ಅಡಿಯಲ್ಲಿ ಮಾತ್ರ ಮೂರು ಕೈ. ಎಲ್ಲದರಲ್ಲೂ ಮೂರೇ. ಮೂರು ಜನ ಯಾರು ಶ್ರೀಮತಿ ಕನೀಲಿ? ಅವರು, ನೀವು, ಮೂರನೆಯವಳು ನಾನೇ?

ಮೊದಲು ಬಂದದ್ದು ಕ್ಲಾಡಾ ಉಂಗುರದ ಚಿತ್ರವಿರುವ ಪೇಪರ್‌ವೇಟ್ ಎಂದು ಕನ್ಸೆಪ್ಟಾ ಹೇಳಿದಳು. ಎರಡು ಕೈ, ನಡುವೆ ಹೃದಯ, ಮೇಲೆ ಕಿರೀಟ. ಉಂಗುರದಲ್ಲಿ ಹೃದಯದ ತುದಿ ತೊಟ್ಟವರ ಕಡೆಗಿದ್ದರೆ ಆ ಹೃದಯ ಆಗಲೇ ಒಬ್ಬರದಾಗಿದೆ ಎಂದು ಶಾಲೆಯ ಹುಡುಗಿಯರಿಗೂ ಗೊತ್ತು. ಅದರ ತುದಿ ಅವರ ಕುರ್ಚಿಯ ಕಡೆಗೇ ಇದೆ. ನನಗೆ ಅವರು ಕೊಟ್ಟದ್ದು ಸಾದಾ ಉಂಗುರ.

ಈ ವರ್ಷದ ಹಾರ್ಪ್ ನೋಡಿ ಕನ್ಸೆಪ್ಟಾ ನಕ್ಕಳು. "ಮೇಡಂ, ಇದು ಸರ್ಕಾರದ ಲಾಂಛನದ ಹಾರ್ಪಲ್ಲ, ಬಿಯರ್ ಗ್ಲಾಸಿನ ಹಾರ್ಪು. ಬೆನ್ನು ಯಾವ ಕಡೆ ತಿರುಗಿದೆ ನೋಡಿ." ಇಷ್ಟು ನುರಿತ ಕೈ ಅಂಥ ತಪ್ಪು ಮಾಡುವುದಿಲ್ಲ. ಹಾಗಾದರೆ ಇದೂ ನಿಮ್ಮಿಬ್ಬರ ನಡುವಿನ ಯಾವುದೋ ತಮಾಷೆ.

ನಿಮಗೂ ಅವರಿಗೂ ಏನು ಸಂಬಂಧವೆಂದು ನನಗೆ ಗೊತ್ತಾಗಿದೆ. ನಿಮ್ಮ ಬಾಯಿಂದ ಕೇಳಬೇಕು, ಅಷ್ಟೇ. ಇಪ್ಪತ್ತೆರಡು ವರ್ಷದ ನನ್ನ ಮದುವೆ ನಿಜವೋ ಅಲ್ಲವೋ ಎಂದು ತಿಳಿಯದೆ ಮುಂದಿನ ಒಂದು ಕೆಲಸವೂ ಸಾಗುತ್ತಿಲ್ಲ.

ನೋರೀನ್ ಹ್ಯಾಕೆಟ್


ಕಾರ್ನಾ
27 ಫೆಬ್ರವರಿ 1998

ಶ್ರೀಮತಿ ಹ್ಯಾಕೆಟ್ ಅವರಿಗೆ,

ಗೊತ್ತಾಗಿದೆ ಎನ್ನುತ್ತೀರಿ. ಹಾಗಾದರೆ ಅವರು ಕೊಟ್ಟ ಮಾತು ಮುರಿದಿರಬೇಕು, ಇಲ್ಲವೇ ನೀವು ಅವರ ಜೇಬು ತಡಕಿರಬೇಕು. ಗೊತ್ತಿದ್ದೂ ನನ್ನ ಬಾಯಿಂದ ಏಕೆ ಹೇಳಿಸುತ್ತೀರಿ? ಹೇಳಿದ್ದು ಕಾಗದದ ಮೇಲೆ ಉಳಿಯಲಿ ಎಂದೇ? ವಕೀಲರ ಮನೆಯವರಿಗೆ ಕಾಗದದ ಬೆಲೆ ಗೊತ್ತಿರುತ್ತದೆ.

ಅದು ನನ್ನ ಮದುವೆಗೆ ಮುಂಚಿನ ಮಾತು. ನಾನು ಬಿಟ್ಟುಕೊಟ್ಟೆ. ಬಿಡು ಎಂದವರು ಬಹಳ ಮಂದಿ, ಇಟ್ಟುಕೋ ಎಂದವರು ಒಬ್ಬರೂ ಇರಲಿಲ್ಲ. ನಿಮಗೆ ಅವರು ಪೂರ್ತಿ ಸಿಕ್ಕಿದ್ದಾರೆ. ನನಗೆ ಸಿಕ್ಕಿದ್ದು ವರ್ಷಕ್ಕೊಂದು ಮಧ್ಯಾಹ್ನ. ಅದಕ್ಕೂ ಲೆಕ್ಕ ಕೇಳುತ್ತೀರಾ?

ಹೃದಯದ ತುದಿಯನ್ನು ಕುರ್ಚಿಯ ಕಡೆಗೆ ತಿರುಗಿಸಿಟ್ಟವಳು ನಾನಲ್ಲ. ನಾನು ಕೆತ್ತಿ ಕೊಟ್ಟೆ, ಇಟ್ಟುಕೊಂಡವರು ಅವರು. ಕ್ಲಾಡಾ ಊರಿನಲ್ಲಿ ಆ ಉಂಗುರ ಯಾರ ಕೈಯಿಂದ ಯಾರ ಕೈಗೆ ಇಳಿದು ಬರುತ್ತದೆ ಎಂದು ಅಲ್ಲಿಯ ಮೀನು ಮಾರುವ ಹೆಂಗಸರನ್ನು ಕೇಳಿ. ಮೂರು ಕೈಯ ಶಿಲುಬೆಯನ್ನು ಎಲ್ಲಿ ತೂಗುಹಾಕುತ್ತಾರೆ ಎಂದು ದನ ಸಾಕಿದವರನ್ನು ಕೇಳಿ. ಉಡುಗೊರೆ ಅಂಗಡಿಯಲ್ಲಿ ಕೇಳಿದರೆ ಬೆಲೆ ಹೇಳುತ್ತಾರೆ.

ಹಾರ್ಪಿನ ವಿಷಯ. "ಸರ್ಕಾರದ್ದು ನನ್ನ ಮೇಜಿನ ಮೇಲೆ ಬೇಕಾದಷ್ಟಿದೆ, ಇನ್ನೊಂದು ಮಗ್ಗುಲಿನದು ಕೆತ್ತಿ" ಎಂದು ಅಕ್ಟೋಬರಿನಲ್ಲಿ ಅವರೇ ಹೇಳಿದ್ದರು. ಹೇಳಿ ಕೆಮ್ಮುತ್ತ ನಕ್ಕರು. ಅದಕ್ಕೇ ಕೆಮ್ಮಿನ ಬಗ್ಗೆ ಕೇಳಿದ್ದು. ನೀವು ಮೂರು ಪುಟ ಬರೆದಿರಿ, ಅದಕ್ಕೆ ಮಾತ್ರ ಉತ್ತರ ಬರೆಯಲಿಲ್ಲ.

ಒಂದು ಬೇಡಿಕೆ. ಇನ್ನು ಬರೆದರೆ ಗಿರಾಕಿ ಆರ್ಡರ್ ಬರೆದಂತೆ ಬರೆಯಿರಿ. ಅಂಚೆ ತರುವುದು ನನ್ನ ಗಂಡ ಕೋಲ್ಮನ್. ಕನ್ನಡಕ ಮರೆತ ದಿನ ಬಿಟ್ಟು ಉಳಿದ ದಿನವೆಲ್ಲ ದಾರಿಯಲ್ಲೇ ಓದಿಕೊಂಡು ಬರುತ್ತಾನೆ. ಅವನಿಗೂ ನನ್ನ ಮಕ್ಕಳಿಗೂ ಇದು ಗೊತ್ತಿಲ್ಲ. ಈ ಮನೆ ನಿಂತಿರುವುದು ಅವರಿಗೆ ಗೊತ್ತಿಲ್ಲದ್ದರ ಮೇಲೆ. ನಿಮ್ಮ ಕೈಯಲ್ಲಿ ಈಗ ಅದನ್ನು ಬೀಳಿಸುವಷ್ಟು ಶಕ್ತಿಯಿದೆ ಎಂದು ನನಗೆ ಅರ್ಥವಾಗುತ್ತದೆ.

ಸಬೀನಾ ಕನೀಲಿ


ಕಿಲ್ಕೆನಿ
9 ಮಾರ್ಚ್ 1998

ಶ್ರೀಮತಿ ಕನೀಲಿ,

ಆರ್ಡರ್ ಬರೆದಂತೆ ಬರೆಯಲು ನನಗೆ ಬರುವುದಿಲ್ಲ. ಲಕೋಟೆಯನ್ನಾದರೂ ಗಟ್ಟಿಯಾಗಿ ಅಂಟಿಸಿದ್ದೇನೆ, ನಿಮ್ಮ ಗಂಡನ ಮೇಲಿನ ಮರ್ಯಾದೆಗೆ. ಪಾಪ, ನನ್ನ ಹಾಗೆಯೇ ಏನೂ ಗೊತ್ತಿಲ್ಲದ ಮನುಷ್ಯ.

ನಿಮ್ಮ ಕಾಗದವನ್ನು ಎಷ್ಟು ಸಲ ಓದಿದೆನೋ. ಒಂದು ಕಡೆ "ಫಿಂಟನ್" ಎಂದು ಬರೆದು, ಗೆರೆ ಹೊಡೆದು, "ಅವರು" ಮಾಡಿದ್ದೀರಿ. ಗೆರೆಯ ಕೆಳಗೆ ಹೆಸರು ಸ್ಪಷ್ಟವಾಗಿ ಕಾಣುತ್ತದೆ. ನಿಮ್ಮ ದುಂಡು ಅಕ್ಷರ ನೋಡಿ ನಿಮ್ಮ ವಯಸ್ಸು ಊಹಿಸಲು ಪ್ರಯತ್ನಿಸಿದೆ. ಕೂದಲ ಬಣ್ಣ ಊಹಿಸಿದೆ. ಹೀಗೆ ಊಹಿಸುತ್ತ ಕೂತ ಹೆಂಗಸು ನನಗೆ ಇಷ್ಟವಾಗಲಿಲ್ಲ, ಆದರೆ ಅವಳನ್ನು ಎಬ್ಬಿಸಿ ಕಳಿಸಲೂ ಆಗಲಿಲ್ಲ.

"ನಾನು ಬಿಟ್ಟುಕೊಟ್ಟೆ, ನಿಮಗೆ ಸಿಕ್ಕಿದ್ದಾರೆ" ಎನ್ನುತ್ತೀರಿ. ನೀವು ಬೇಡವೆಂದು ಬಿಟ್ಟದ್ದನ್ನು ನಾನು ಆರಿಸಿಕೊಂಡೆ ಎಂದಾಯಿತು. ಮೀನು ಮಾರುವವರನ್ನೂ ದನ ಸಾಕಿದವರನ್ನೂ ಕೇಳಿಕೊಂಡು ತಿರುಗಲು ನನಗೆ ಪುರುಸೊತ್ತಿಲ್ಲ.

ಕೆಮ್ಮಿನ ಬಗ್ಗೆ ಉತ್ತರ ಬೇಕಲ್ಲವೇ? ಕೊಡುತ್ತೇನೆ. ಕೆಮ್ಮು ನಿಂತಿದೆ. ಫಿಂಟನ್ ಜನವರಿ ಹದಿಮೂರರಂದು ತೀರಿಕೊಂಡರು. ಹೃದಯ. ಕಚೇರಿಯ ಮೇಜಿನ ಮುಂದೆಯೇ. ಕನ್ಸೆಪ್ಟಾ ಚಹಾ ತೆಗೆದುಕೊಂಡು ಹೋದಾಗ ತಲೆ ಮೇಜಿನ ಮೇಲಿತ್ತಂತೆ. ಬಲಗೈ ಫೋನಿನ ಮೇಲಿರಲಿಲ್ಲ, ನಮ್ಮಿಬ್ಬರ ಫೋಟೋದ ಕಡೆಗೂ ಇರಲಿಲ್ಲ. ನಿಮ್ಮ ಆ ಪೇಪರ್‌ವೇಟನ್ನು ಹಿಡಿದುಕೊಂಡಿತ್ತು. ಬಿಡಿಸಲು ಇಬ್ಬರು ಬೇಕಾಯಿತು.

ನಾನು ನಿಮಗೆ ಮೊದಲ ಕಾಗದ ಬರೆದದ್ದು ಅದಕ್ಕೆ. ಅವರು ಬದುಕಿರುವಂತೆ ಬರೆದದ್ದೂ ಅದಕ್ಕೆ. ಸತ್ತರೆಂದು ಬರೆದಿದ್ದರೆ ನೀವು ಬಾಯಿ ಮುಚ್ಚಿಕೊಳ್ಳುತ್ತಿದ್ದಿರಿ.

ಸಮಾಧಿಯ ಕಲ್ಲು ಕೆತ್ತುವವನು ಎರಡು ಸಲ ಬಂದು ಹೋದ. "ಪ್ರೀತಿಯ ಪತಿ ಅಂತ ಹಾಕೋದು ತಾನೇ ಮೇಡಂ?" ಎಂದು ಕೇಳಿದ. "ನಿಲ್ಲಪ್ಪ" ಎಂದೆ. ಆ ಎರಡು ಪದ ಸುಳ್ಳಾದರೆ ಕಲ್ಲಿನ ಮೇಲೆ ಉಳಿಯುತ್ತವೆ. ಅವುಗಳ ಮುಂದೆ ಸಾಯುವ ತನಕ ಹೂವಿಡಬೇಕಾದವಳು ನಾನು.

ಇವತ್ತು ಅವರ ಹುಟ್ಟಿದ ದಿನ. ಪ್ರತಿ ವರ್ಷ ಜೀರಿಗೆ ಹಾಕಿದ ಕೇಕು ಮಾಡುತ್ತಿದ್ದೆ. ಈ ವರ್ಷ ಅದರ ಬದಲು ಈ ಕಾಗದ.

ಇನ್ನು ಪೊಟ್ಟಣ ಕಳಿಸಬೇಡಿ. ಬಿಚ್ಚುವವರಿಲ್ಲ.

ನೋರೀನ್ ಹ್ಯಾಕೆಟ್


ಕಾರ್ನಾ
2 ಏಪ್ರಿಲ್ 1998

ಹ್ಯಾಕೆಟ್ ಅಮ್ಮನವರಿಗೆ,

ದೇವರು ನಿಮ್ಮನ್ನು ಕಾಯಲಿ. ನಾನು ಕೋಲ್ಮನ್ ಕನೀಲಿ, ಸಬೀನಾಳ ಗಂಡ. ನನಗೆ ಬರೆದು ಅಭ್ಯಾಸವಿಲ್ಲ, ತಪ್ಪಿದ್ದರೆ ತಿದ್ದಿಕೊಂಡು ಓದಿ. ನೀವು ಬರೆದ ಕಾಗದ ಇವಳು ಒಲೆಗೆ ಹಾಕಿದಳು. ಲಕೋಟೆ ಕೆಳಗೆ ಬಿತ್ತು, ನನ್ನ ಜೇಬಿಗೆ ಬಂತು. ಹಿಂದೆ ನಿಮ್ಮ ವಿಳಾಸ ಇತ್ತು. ಕಾಗದ ನಾನು ಓದಿಲ್ಲ. ಓದುತ್ತಿದ್ದೆ, ಸುಳ್ಳು ಏಕೆ ಹೇಳಲಿ, ಆದರೆ ಅಷ್ಟೊಂದು ಅಂಟು ಹಾಕಿದ ಲಕೋಟೆ ನಾನು ಜನ್ಮದಲ್ಲಿ ಕಂಡಿಲ್ಲ.

ನಿಮ್ಮನ್ನು ಒಂದು ಮಾತು ಕೇಳಬೇಕು. ನಮ್ಮ ಮನೆಯಲ್ಲಿ ಯಾರು ಸತ್ತಿದ್ದಾರೆ?

ಕಾಗದ ಓದಿ ಇವಳು ಎದ್ದು ಅಡುಗೆಮನೆ ಗಡಿಯಾರ ನಿಲ್ಲಿಸಿದಳು. ಕನ್ನಡಿಯ ಮೇಲೆ ಬಟ್ಟೆ ಹಾಕಿದಳು. ಸಾವಿನ ಮನೆಯಲ್ಲಿ ಮಾಡುವ ಹಾಗೆ. ನಾನು ಕೇಳಿದೆ,

"ಯಾರು ಹೋದರೇ?"

"ಒಬ್ಬ ಗಿರಾಕಿ."

"ಗಿರಾಕಿ ಸತ್ತರೆ ಗಡಿಯಾರ ನಿಲ್ಲಿಸ್ತಾರೇನೇ?"

"ಒಳ್ಳೇ ಗಿರಾಕಿ" ಅಂದಳು.

ಅಷ್ಟೇ. ಅವತ್ತಿನಿಂದ ಉಳಿ ಮುಟ್ಟಿಲ್ಲ. ಈಸ್ಟರಿಗೆ ಕೊಡಬೇಕಾದ ಪೇಪರ್‌ವೇಟುಗಳೆಲ್ಲ ಅರ್ಧ ಕೆತ್ತಿ ಬಿದ್ದಿವೆ. ಊಟ ಮಾಡು ಅಂದರೆ ಮಾಡುತ್ತಾಳೆ, ನಿಲ್ಲಿಸು ಅಂದರೆ ನಿಲ್ಲಿಸುತ್ತಾಳೆ. ಬರುವ ಚಳಿಗಾಲಕ್ಕೆ ಎಪ್ಪತ್ತು ತುಂಬುತ್ತದೆ ಅವಳಿಗೆ. ನಲವತ್ತಾರು ವರ್ಷದಿಂದ ಜೊತೆಯಲ್ಲಿದ್ದೇನೆ, ಇವಳ ಬೈಗುಳವಿಲ್ಲದೆ ಒಂದು ದಿನ ಕಳೆದವನಲ್ಲ. ಈಗ ಬೈಯುವುದೂ ಇಲ್ಲ.

ಇನ್ನೊಂದು ವಿಚಿತ್ರ ಹೇಳುತ್ತೇನೆ, ನಿಮ್ಮ ಕಡೆ ಪೇಟೆಯವರಿಗೆ ಇದು ತಿಳಿಯುತ್ತದೋ ಇಲ್ಲವೋ. ಬ್ರಿಜಿಡ್ ಹಬ್ಬಕ್ಕೆ ಜೊಂಡಿನಲ್ಲಿ ಶಿಲುಬೆ ಹೆಣೆಯುತ್ತೇವಲ್ಲ, ನಮ್ಮಲ್ಲಿ ನಾಲ್ಕು ಕೈಯದು ಮನೆಗೆ, ಮೂರು ಕೈಯದು ಕೊಟ್ಟಿಗೆಗೆ. ಮನೆಯೊಳಗೆ ತರಲಾಗದ ಎಳೆಗರುಗಳನ್ನು ತಾಯಿ ಬ್ರಿಜಿಡ್ ಕಾಯಲಿ ಅಂತ. ಇವಳು ಹೋಗಿ ಕೊಟ್ಟಿಗೆಯ ಮೂರು ಕೈಯದನ್ನು ಕಿತ್ತು ತಂದು ಅಡುಗೆಮನೆ ಬಾಗಿಲ ಮೇಲೆ ಸಿಕ್ಕಿಸಿದ್ದಾಳೆ. ಪಕ್ಕದ ಮನೆಯವನು ಬಂದವನು, "ಏನಯ್ಯಾ ಕೋಲ್ಮನ್, ಇವತ್ತಿನಿಂದ ದನದ ಜೊತೆ ಮಲಗ್ತೀಯಾ, ಇಲ್ಲಾ ದನಾನೇ ಒಳಗೆ ಬಂದ್ವಾ?" ಅಂತ ನಕ್ಕ. ನಾನೂ ನಕ್ಕೆ. ಇವಳ ಮುಖ ನೋಡಿ ನಗು ಅಲ್ಲೇ ನಿಂತಿತು.

ನಾನು ದಡ್ಡ ಇರಬಹುದು, ಕುರುಡನಲ್ಲ. ನೀವು ಏನೋ ಬರೆದಿರಿ, ಇವಳು ಹೀಗಾದಳು. ಏನು ಬರೆದಿರಿ ಅಂತ ಕೇಳುವುದಿಲ್ಲ. ಇನ್ನೊಂದು ಕಾಗದ ಬರೆದು ಇವಳನ್ನು ಮೊದಲಿನ ಹಾಗೆ ಮಾಡಿಕೊಡಿ.

ಕೋಲ್ಮನ್


ಕಿಲ್ಕೆನಿ
8 ಏಪ್ರಿಲ್ 1998

ಕನೀಲಿ ಕರಕುಶಲ ಅಂಗಡಿಗೆ,

ಇದೊಂದು ಆರ್ಡರ್. ತೆರೆದ ಲಕೋಟೆಯಲ್ಲಿ ಕಳಿಸುತ್ತಿದ್ದೇನೆ. ಯಾರು ಬೇಕಾದರೂ ಓದಬಹುದು.

ನನ್ನಲ್ಲಿ ಒಂದು ವಸ್ತುವಿತ್ತು. ನನ್ನ ಬದುಕಿನಲ್ಲಿ ಅದಕ್ಕಿಂತ ಬೆಲೆಯುಳ್ಳದ್ದು ಬೇರೆ ಇರಲಿಲ್ಲ. ಅದು ಎಲ್ಲಿ ತಯಾರಾಯಿತು, ಯಾರ ಕೈಯಲ್ಲಿ ಎಂದು ನಾನು ಯಾವತ್ತೂ ಕೇಳಿರಲಿಲ್ಲ. ಅದರ ಅಡಿಯಲ್ಲಿ ಗುರುತು ಇತ್ತು. ನೋಡಿದೆ, ಓದಲು ಬರಲಿಲ್ಲ. ಓದಲು ಬರುವುದಿಲ್ಲ ಎಂದು ಒಪ್ಪಿಕೊಳ್ಳುವ ಬದಲು ನನಗೆ ತೋಚಿದ ಅರ್ಥ ಹಚ್ಚಿದೆ. ಕಳೆದ ವಾರ ದನ ಸಾಕಿದ ಒಬ್ಬ ಸಜ್ಜನರು, ನಾನು ಕೇಳದೆಯೇ, ಅದನ್ನು ಓದಿ ಹೇಳಿದರು. ತಾವು ಏನು ಹೇಳಿದ್ದೇವೆಂದು ಅವರಿಗೇ ಗೊತ್ತಿಲ್ಲ.

ಕಾಗದ ಕೆಳಗಿಟ್ಟು ನೇರವಾಗಿ ನನ್ನ ಗಂಡನ ಸೋದರತ್ತೆ ವಿನಿಫ್ರೆಡ್ ಅವರ ಹತ್ತಿರ ಹೋದೆ. ಆ ತಲೆಮಾರಿನಲ್ಲಿ ಉಳಿದವರು ಅವರೊಬ್ಬರೇ. "ಅತ್ತೆ, ಫಿಂಟನ್ ಎಲ್ಲಿ ಹುಟ್ಟಿದ್ದು?" ಎಂದೆ. ಸ್ವೆಟರ್ ಹೆಣೆಯುವುದನ್ನು ನಿಲ್ಲಿಸಲಿಲ್ಲ. "ಹುಟ್ಟಿದ್ದು ಕಟ್ಟಿಕೊಂಡು ಏನಾಗಬೇಕು ಮಗಳೇ? ಬೆಳೆದದ್ದು ನಮ್ಮಲ್ಲಿ" ಎಂದರು. ಒಂದು ಸಾಲು ಹೆಣೆದು ಮುಗಿಸಿ, "ಮಾರ್ಚ್ ಒಂಬತ್ತಕ್ಕೆ ಬಂದ. ಕಾರಿನಲ್ಲಿ. ಆ ಕಾಲದಲ್ಲಿ ಕಾರು ಅಂದರೆ ಊರೇ ನೋಡ್ತಿತ್ತು, ಅದಕ್ಕೇ ಕತ್ತಲಾದ ಮೇಲೆ ಬಂದರು" ಎಂದರು. "ಅವರಿಗೆ ಗೊತ್ತಿತ್ತಾ?" ಎಂದು ಕೇಳಿದೆ. "ಅವನ ಅಮ್ಮ ಸಾಯುವಾಗ ಹೇಳಿದಳು. ಹೇಳಬಾರದಿತ್ತು."

ಅವರು ತಾಯಿಯನ್ನು ಕಳೆದುಕೊಂಡ ಮುಂದಿನ ವರ್ಷ ಮೊದಲ ಪೊಟ್ಟಣ ಬಂದಿತ್ತು. ಎಣಿಸಿ ನೋಡಬಹುದಿತ್ತು. ನಾನು ಎಣಿಸಿದ್ದು ಶಿಲುಬೆಯ ಕೈಗಳನ್ನು ಮಾತ್ರ.

ಕ್ಲಾಡಾದವರನ್ನೂ ಕೇಳಿದೆ. ಕನ್ಸೆಪ್ಟಾಳ ನಾದಿನಿ ಅಲ್ಲಿಯವಳಂತೆ. "ಪ್ರೇಮಿಗಳೆಲ್ಲ ಈಚೆಗೆ ಬಂದವರು ಮೇಡಂ. ಆ ಉಂಗುರ ಅಮ್ಮನಿಂದ ಇಳಿದು ಬರೋದು" ಎಂದಳು.

ಆರ್ಡರ್ ಇಷ್ಟು. ಸಮಾಧಿಯ ಕಲ್ಲಿನ ಮೇಲೆ ಎರಡು ತಾರೀಕು ಬೇಕು. ಎರಡನೆಯದು ನನ್ನ ಹತ್ತಿರ ಇದೆ. ಮೊದಲನೆಯದು ಮಾರ್ಚ್ ಒಂಬತ್ತು ಎಂದು ಎಲ್ಲ ದಾಖಲೆಯಲ್ಲೂ ಇದೆ, ಅದು ತಪ್ಪು ಎಂದು ಈಗ ನನಗೆ ಗೊತ್ತು. ಸರಿಯಾದದ್ದು ಕೆತ್ತಿದವರಿಗೆ ಗೊತ್ತಿರುತ್ತದೆ. ಕಳಿಸಿಕೊಡಿ. ಏನೂ ಕೇಳದೆ ಅದನ್ನೇ ಹಾಕಿಸುತ್ತೇನೆ. ಕಳಿಸಲಾಗದಿದ್ದರೆ ಆ ಜಾಗ ಖಾಲಿ ಇರಲಿ. ಸುಳ್ಳು ಬೇಡ.

ಕೋಲ್ಮನ್ ಅವರಿಗೆ ಒಂದು ಮಾತು. ತೀರಿಕೊಂಡವರು ನನ್ನ ಗಂಡ. ನಿಮ್ಮ ಅಂಗಡಿಯ ಒಳ್ಳೆಯ ಗಿರಾಕಿ. ನಿಮ್ಮ ಹೆಂಡತಿ ಹೇಳಿದ್ದು ನಿಜ.

ಒಂದು ಅನುಮಾನ ಮಾತ್ರ ಇನ್ನೂ ಹೋಗಿಲ್ಲ, ಬಚ್ಚಿಡುವುದಿಲ್ಲ. ಅವರು ನನಗೇಕೆ ಹೇಳಲಿಲ್ಲ? ನಾನು ಹೇಳಿಕೊಳ್ಳುವಂಥ ಹೆಂಡತಿಯಾಗಿರಲಿಲ್ಲವೇ? ಫೆಬ್ರವರಿಯ ನನ್ನ ಕಾಗದಗಳನ್ನು ನೆನೆಸಿಕೊಂಡರೆ ಉತ್ತರಕ್ಕೆ ಹೆದರುತ್ತೇನೆ.

ನಿಮ್ಮ ಗಿರಾಕಿ,
ನೋರೀನ್ ಹ್ಯಾಕೆಟ್


ಕಾರ್ನಾ
20 ಏಪ್ರಿಲ್ 1998

ನೋರೀನ್,

ಇದು ಗಿರಾಕಿಗೆ ಬರೆಯುತ್ತಿರುವ ಕಾಗದವಲ್ಲ.

ಜನವರಿ ಮೂವತ್ತೊಂದು. 1947. ಬೆಳಕು ಹರಿಯುವ ಮುಂಚೆ. ಬ್ರಿಜಿಡ್ ಹಬ್ಬದ ಹಿಂದಿನ ದಿನ ಅದು, ಮನೆಯಲ್ಲಿದ್ದಿದ್ದರೆ ಜೊಂಡು ಕೀಳಲು ಹೋಗುತ್ತಿದ್ದೆ. ನಾನು ಇದ್ದದ್ದು ಮದುವೆಯಿಲ್ಲದೆ ಬಸಿರಾದ ಹುಡುಗಿಯರನ್ನು ಇಡುತ್ತಿದ್ದ ಸನ್ಯಾಸಿನಿಯರ ಮನೆಯಲ್ಲಿ. ನನಗೆ ಹದಿನೆಂಟು. ಅಪ್ಪ ತಂದು ಬಿಟ್ಟು ಹೋಗಿದ್ದ. ಮಗ ಕೆಲವು ವಾರ ನನ್ನ ಎದೆಹಾಲು ಕುಡಿದ. ಆಮೇಲೆ ಕಾರು ಬಂತು. ಮಾರ್ಚ್ ಒಂಬತ್ತು ಅವನು ಹುಟ್ಟಿದ ದಿನವಲ್ಲ, ಕಾರು ಬಂದ ದಿನ. ನೀನು ಕೇಕು ಮಾಡುತ್ತಿದ್ದೆ ಎಂದು ಬರೆದಿದ್ದೆ. ಇಷ್ಟು ವರ್ಷ ಆ ದಿನ ನಾನು ಉಪವಾಸ ಇರುತ್ತಿದ್ದೆ. ಅದೇ ದಿನ ಕೂತು ಅವನು ಸತ್ತ ಸುದ್ದಿ ಬರೆದೆ ನೀನು. ಗೊತ್ತಿಲ್ಲದೆ ಬರೆದದ್ದು, ಕೋಪವಿಲ್ಲ. ಇತ್ತು. ಈಗಿಲ್ಲ.

ಅವನು ಮೊದಲ ಸಲ ಅಂಗಡಿಗೆ ಬಂದಾಗ ಪ್ರವಾಸಿ ಎಂದುಕೊಂಡೆ. ಆ ಕ್ಲಾಡಾ ಪೇಪರ್‌ವೇಟ್ ಕೈಗೆತ್ತಿಕೊಂಡು, ಮೆಲ್ಲಗೆ, ಸನ್ಯಾಸಿನಿಯರ ಆ ಮನೆಯ ಹೆಸರು ಹೇಳಿದ. ಕೋಲ್ಮನ್ ಪಕ್ಕದಲ್ಲೇ ನಿಂತು ಮರ ಉಜ್ಜುತ್ತಿದ್ದ. ನಾನು ಪೇಪರ್‌ವೇಟನ್ನು ಹಳೇ ಪತ್ರಿಕೆಯಲ್ಲಿ ಸುತ್ತಿ, ದಾರ ಕಟ್ಟಿ, "ಇನ್ನೇನಾದರೂ ಬೇಕಾ ಸಾರ್?" ಎಂದೆ. ನಲವತ್ತೈದು ವರ್ಷದ ಮೇಲೆ ಮಗನಿಗೆ ಹೇಳಿದ ಮೊದಲ ಮಾತು ಅದು.

ಹೊರಗೆ ರಸ್ತೆಯಲ್ಲಿ ಮಾತಾಡಿದೆವು. ತಾನು ವಕೀಲ ಎಂದ ಕೂಡಲೇ ಜಮೀನಿನ ಪಾಲು ಕೇಳಲು ಬಂದವನೆಂದು ಅನುಮಾನಪಟ್ಟೆ. "ಏನು ಬೇಕು ನಿನಗೆ?" ಎಂದೆ. "ಮೇಜಿನ ಮೇಲಿಡಲು ಏನಾದರೂ" ಎಂದ. ಆ ಪೇಪರ್‌ವೇಟಿನ ಅಡಿಯಲ್ಲಿ ಇನ್ನೂ ಗುರುತು ಹಾಕಿರಲಿಲ್ಲ; ವಾಪಸ್ ಇಸಿದುಕೊಂಡು, ಮೂರು ಕೈ ಕೆತ್ತಿ, ಹಬ್ಬಕ್ಕೆ ಅಂಚೆಯಲ್ಲಿ ಕಳಿಸಿದೆ. ಅವನು ನಿನಗೇಕೆ ಹೇಳಲಿಲ್ಲ ಎಂದು ಕೇಳಿದ್ದೆಯಲ್ಲ. ಹೆಂಡತಿಗೆ ಹೇಳುತ್ತೇನೆ ಎಂದು ಪ್ರತಿ ಅಕ್ಟೋಬರಿನಲ್ಲೂ ಅಂಗಲಾಚುತ್ತಿದ್ದ. ಬೇಡ ಎಂದವಳು ನಾನು. ಒಬ್ಬರಿಗೆ ಗೊತ್ತಾದರೆ ಊರಿಗೆ ಗೊತ್ತಾದಂತೆ ಎಂದು ಮಾತು ತೆಗೆದುಕೊಂಡೆ. ಅವನು ನಿನ್ನನ್ನು ನಂಬಿದ್ದ. ನಂಬದಿದ್ದವಳು ನಾನು, ನಿನ್ನ ಮುಖವನ್ನೂ ನೋಡದೆ. ಅವನು ಸುಳ್ಳು ಹೇಳಿದ್ದು ಆ ಸಭೆ ಒಂದೇ. ಅದನ್ನೂ ಸರಿಯಾಗಿ ಹೇಳಲು ಬರುತ್ತಿರಲಿಲ್ಲ, ಕಿವಿ ಕೆಂಪಾಗುತ್ತದೆ ಎನ್ನುತ್ತಿದ್ದ. "ಪ್ರೀತಿಯ ಪತಿ" ಎಂದು ಹಾಕಿಸು. ಕೆತ್ತುವವಳ ಮಾತು, ಆ ಅಕ್ಷರ ಅಳಿಸುವುದಿಲ್ಲ.

ಇನ್ನು ಕೋಲ್ಮನ್.

ನಿನ್ನ ತೆರೆದ ಲಕೋಟೆಯನ್ನು ಅಂಚೆಯಿಂದ ಮನೆತನಕ ಓದುತ್ತ ಬಂದ. ಬಂದು ಮೇಜಿನ ಮೇಲಿಟ್ಟ. ಹೊರಗೆ ಹೋಗಿ ಹಸುವಿಗೆ ಹುಲ್ಲು ಹಾಕಿದ. ಬಂದು ಚಹಾ ಕುಡಿದ. ನಾನು ಇವತ್ತು ಮುಗಿಯಿತು ಎಂದುಕೊಂಡೆ. ಈಚೆಗೆ ಕೋಲ್ಮನ್‌ನ ಒಂದೊಂದು ಕೆಮ್ಮೂ ಒಂದು ಪ್ರಶ್ನೆಯ ಹಾಗೆ ಕೇಳುತ್ತಿತ್ತು ನನಗೆ. ಕೊನೆಗೆ ಬಾಗಿಲ ಮೇಲಿದ್ದ ಮೂರು ಕೈಯದನ್ನು ತೋರಿಸಿ ಹೇಳಿದ,

"ಇದನ್ನ ತೆಗೀತೀನಿ. ಇಲ್ಲಿಗೆ ಇದಲ್ಲ."

ಅವನು ಟೋಪಿ ಹಾಕಿಕೊಂಡು ಜೌಗಿನ ಕಡೆ ಹೋದ. ತೋಳ ತುಂಬ ಜೊಂಡು ತಂದ, ಕೊಯ್ದದ್ದಲ್ಲ, ಬುಡಸಹಿತ ಕಿತ್ತದ್ದು, ಹಬ್ಬಕ್ಕೆ ಕೀಳುವಂತೆ. ಏಪ್ರಿಲಿನಲ್ಲಿ ಯಾರೂ ಶಿಲುಬೆ ಹೆಣೆಯುವುದಿಲ್ಲ. ನನ್ನ ಮುಂದೆ ಹಾಕಿ, ಮೊಣಕಾಲಿನ ಕೆಸರು ಒರೆಸಿಕೊಳ್ಳುತ್ತ, ಕೇಳಿದ್ದು ಒಂದೇ.

"ಎಷ್ಟು ಕೈ?"

"ನಾಲ್ಕು" ಎಂದೆ.

"ಹಾಗಾದ್ರೆ ಎರಡು ಮಾಡು" ಎಂದ. "ಒಂದು ಈ ಬಾಗಿಲಿಗೆ. ಇನ್ನೊಂದು ಕಿಲ್ಕೆನಿಗೆ, ಸೊಸೆಗೆ." ಹೇಳಿ ಗಡಿಯಾರದ ಹತ್ತಿರ ಹೋಗಿ ಕೀ ಕೊಟ್ಟ.

ನಿನ್ನದು ಈ ಪೊಟ್ಟಣದಲ್ಲಿದೆ. ಜೊಂಡು ಇನ್ನೂ ಹಸಿರು, ಒಣಗುವಾಗ ಸ್ವಲ್ಪ ಬಿಗಿಯಾಗುತ್ತದೆ. ಮೇಜಿನ ಮೇಲಿಡಬೇಡ. ಮನೆಯೊಳಗೆ, ಬಾಗಿಲ ಮೇಲೆ.

ಸಬೀನಾ